ಕುತ್ತಿಗೆ ಪಟ್ಟಿಯೊಳಗಿನ ಬಕ್ರಮ್

ನನ್ನ ದೊಡ್ಡ ಕತ್ತರಿಯ ಬಾಯಲ್ಲಿ ಒಂದು ಕಡೆ ಹಲ್ಲು ಬಿದ್ದಿದೆ. ಮಸ್ಕತ್ತಿನ ರೂವಿಯಲ್ಲಿರುವ ಈ ದರ್ಜಿ ಅಂಗಡಿಗೆ ಬಂದ ವರ್ಷ ಕೊಂಡ ಕತ್ತರಿ ಅದು. ಇಷ್ಟು ಕಾಲದಲ್ಲಿ ಅದು ಬೇಡ ಎಂದ ಬಟ್ಟೆಯಿಲ್ಲ. ರೇಷ್ಮೆ, ಕೋಟಿನ ಉಣ್ಣೆ, ಜೀನ್ಸು, ಹೋಟೆಲಿನವರ ದಪ್ಪ ಪರದೆ, ಒಮ್ಮೆ ಯಾರೋ ಹೊತ್ತು ತಂದ ದೋಣಿಯ ತಾಡಪಾಲು, ಎಲ್ಲವನ್ನೂ ಬೆಣ್ಣೆಯಂತೆ ಕತ್ತರಿಸಿ ಕೊಟ್ಟಿದೆ. ಈಗ ನುಣುಪಾದ ಬಟ್ಟೆಯ ಮೇಲೆ ಓಡುವಾಗ ಆ ಹಲ್ಲು ಬಿದ್ದ ಜಾಗಕ್ಕೆ ಬಂದೊಡನೆ ಒಂದು ನೂಲು ಸಿಕ್ಕಿ ಕತ್ತರಿ ತಡೆಯುತ್ತದೆ. ಎದುರು ನಿಂತ ಗಿರಾಕಿ, “ಸಾಣೆ ಹಿಡಿಸಬಾರದಾ ಮಾಸ್ಟ್ರೇ?” ಎನ್ನುತ್ತಾರೆ. ಹಿಡಿಸಬಹುದು. ಹಿಡಿಸಿಲ್ಲ.

ಆ ಹಲ್ಲು ಬಿದ್ದದ್ದು ನನ್ನ ತಂಗಿಯ ಕುತ್ತಿಗೆಯನ್ನು ಕಾಯಬೇಕಾಗಿದ್ದ ಒಂದು ತುಂಡು ಬಟ್ಟೆಯ ಮೇಲೆ. ಆ ತುಂಡನ್ನು ಅಲ್ಲಿಂದ ಕಿತ್ತು ತೆಗೆದವನು ನಾನು. ಕಿತ್ತದ್ದು ತಪ್ಪು ಎಂದು ಗೊತ್ತಾದ ಮೇಲೂ ಮೂರು ಶುಕ್ರವಾರ ಅವಳನ್ನು ಬರಿಗುತ್ತಿಗೆಯಲ್ಲಿ ಆಡಲು ಬಿಟ್ಟು, ಬೆಂಚಿನ ಮೇಲೆ ಕುಳಿತು ನೋಡಿದವನೂ ನಾನೇ. ಇದನ್ನು ಹೇಳಿಬಿಟ್ಟರೆ ಹಗುರಾಗಬಹುದು ಎಂದು ಬರೆಯಲು ಕುಳಿತಿದ್ದೇನೆ.

ನಾನು ಮೊದಲಿನಿಂದಲೂ ಹೆದರುವ ಜನ. ಲಿಫ್ಟಿಗೆ ಹೆದರುತ್ತೇನೆ, ಹೊಲಿದ ಸೂಟುಗಳನ್ನು ಹೆಗಲಿಗೆ ಹಾಕಿಕೊಂಡು ಐದು ಮಹಡಿ ಮೆಟ್ಟಿಲು ಹತ್ತುತ್ತೇನೆ. ಮಾಲಿನ ಚಲಿಸುವ ಮೆಟ್ಟಿಲ ಮುಂದೆ ಹೊಳೆ ದಾಟುವವನ ಹಾಗೆ ನಿಲ್ಲುತ್ತೇನೆ. ಬತಾಕಾ, ಅಂದರೆ ಇಲ್ಲಿನ ಗುರುತಿನ ಕಾರ್ಡು, ಜೇಬಿನಲ್ಲಿರುವಾಗಲೂ ಪೊಲೀಸ್ ಗಾಡಿ ಕಂಡರೆ ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಏಳನೇ ತರಗತಿಯಲ್ಲಿ ಶಾಲೆ ಬಿಟ್ಟದ್ದೂ ಹೆದರಿಕೆಯಿಂದಲೇ. ನನ್ನ ತಂಗಿ ವನಿತಾ ಮಾತ್ರ ಇಂದಿಗೂ ಎಲ್ಲರ ಹತ್ತಿರ, “ನನ್ನನ್ನು ಓದಿಸಲಿಕ್ಕೆ ಅಣ್ಣ ಶಾಲೆ ಬಿಟ್ಟ” ಎನ್ನುತ್ತಾಳೆ. ಆಗ ಅವಳಿಗೆ ನಾಲ್ಕು ವರ್ಷ, ಅವಳಿಗೇನು ಗೊತ್ತು? ನಮ್ಮ ಇಂಗ್ಲಿಷ್ ಮಾಸ್ಟ್ರು ಪ್ರತಿ ಸೋಮವಾರ ಒಬ್ಬನನ್ನು ಎಬ್ಬಿಸಿ ಪಾಠ ಓದಿಸುತ್ತಿದ್ದರು. ನನ್ನ ಸರದಿ ಬರುವ ಸೋಮವಾರ ನಾನು ಶಾಲೆಗೆ ಹೋಗದೆ ನಮ್ಮ ಕಾಪು ಪೇಟೆಯ ಒಂದು ದರ್ಜಿ ಅಂಗಡಿಯ ಜಗಲಿಯಲ್ಲಿ ಕುಳಿತೆ. ಮಂಗಳವಾರವೂ ಅಲ್ಲೇ ಕುಳಿತೆ. ಬುಧವಾರ ದರ್ಜಿ ಸೂಜಿ ಕೊಟ್ಟು, “ಸುಮ್ಮನೆ ಕೂತು ಎಂತ ಮಾಡ್ತಿ? ಗುಂಡಿ ಹಾಕು” ಎಂದರು. ಅಮ್ಮ ಬೀಡಿ ಕಟ್ಟುತ್ತ ಕುಳಿತವರು, ನಾನು ತಂದ ಮೊದಲ ಸಂಬಳ ನೋಡಿ ಏನೂ ಕೇಳಲಿಲ್ಲ. ಹಾಗೆ ನನ್ನ ಹೆದರಿಕೆ ಮನೆಯಲ್ಲಿ ತ್ಯಾಗವಾಯಿತು. ಯಾರೂ ಕೇಳಲಿಲ್ಲ, ನಾನೂ ತಿದ್ದಲಿಲ್ಲ. ವನಿತಾ ಇದನ್ನು ಓದಿದರೆ ಅದೂ ಗೊತ್ತಾಗಲಿ.

ಓದಿ ಮುಂದೆ ಬಂದ ಅವಳು ಈಗ ಇದೇ ಮಸ್ಕತ್ತಿನ ಖುರುಮ್‌ನ ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದಾಳೆ. ನಮ್ಮ ಮಾತು ತುಳುವಿನಲ್ಲಿ ನಡೆಯುತ್ತದೆ. ಇಲ್ಲಿ ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ. ಒಂದು ಸಂಜೆ ಅವಳು ಅಂಗಡಿಗೆ ಬಂದು, “ಅಣ್ಣ, ನಾನು ಹಾಕಿ ಆಡಲಿಕ್ಕೆ ಶುರು ಮಾಡಿದ್ದೇನೆ” ಎಂದಳು.

“ಈ ಬಿಸಿಲಿನಲ್ಲಾ?”

“ಬಿಸಿಲು ಎಲ್ಲಿಂದ ಬಂತು? ಐಸಿನ ಮೇಲೆ.”

ನಾನು ನಕ್ಕೆ. ಮಸ್ಕತ್ತಿನಲ್ಲಿ ನನಗೆ ಗೊತ್ತಿದ್ದ ಐಸ್ ಎಂದರೆ ಮೀನಿನ ಅಂಗಡಿಯದ್ದು, ಜ್ಯೂಸಿನ ಅಂಗಡಿಯದ್ದು. ಆಮೇಲೆ ಒಂದು ಶುಕ್ರವಾರ ಬೆಳಗ್ಗೆ ಅವಳೇ ಕಾರಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದಳು. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತದೆ. ಒಳಗೆ ಒಂದು ದೊಡ್ಡ ಅಂಗಳದಷ್ಟು ಮಂಜುಗಡ್ಡೆ, ಹೊಗೆಯಂತೆ ಏಳುವ ತಣ್ಣನೆ ಗಾಳಿ. ಹತ್ತು ಹದಿನೈದು ಜನ ಕಾಲಿಗೆ ಉಕ್ಕಿನ ಬ್ಲೇಡು ಕಟ್ಟಿಕೊಂಡು, ಕೈಯಲ್ಲಿ ಬಾಗಿದ ಕೋಲು ಹಿಡಿದು, ಪಕ್ ಎಂದು ಅವರು ಕರೆಯುವ ಒಂದು ಕಪ್ಪು ರಬ್ಬರ್ ಬಿಲ್ಲೆಯ ಹಿಂದೆ ಓಡುತ್ತಿದ್ದರು. ಎಲ್ಲರೂ ಕಚೇರಿ ಕೆಲಸದವರೇ, ವಾರಕ್ಕೊಮ್ಮೆ ಖುಷಿಗೆ ಆಡುವವರು. ನಾನು ಎರಡು ಬನಿಯನ್ನು, ಒಂದು ಸ್ವೆಟರು, ಮೇಲೆ ಗಿರಾಕಿಯೊಬ್ಬರ ಕೋಟು ಹಾಕಿಕೊಂಡು ಹೋಗಿದ್ದೆ. ಆದರೂ ನಡುಗಿದೆ. ಅದು ಚಳಿಯೊಂದೇ ಅಲ್ಲ ಎಂದು ನನಗೆ ಗೊತ್ತಿತ್ತು.

ಈ ಆಟದ ಸಾಮಾನು ಇಲ್ಲಿನ ಅಂಗಡಿಗಳಲ್ಲಿ ಸಿಗುವುದು ಕಡಿಮೆ. ಕೆಲಸ ಮುಗಿಸಿ ದೇಶಕ್ಕೆ ಹೊರಟವರು ಸೋಫಾ, ಫ್ರಿಜ್ಜುಗಳ ಜೊತೆ ಮಾರಿ ಹೋಗುವುದನ್ನು ಕೊಳ್ಳಬೇಕು. ವನಿತಾಳಿಗೂ ಮದೀನತ್ ಸುಲ್ತಾನ್ ಖಾಬೂಸ್ ಎಂಬ ಬಡಾವಣೆಯಿಂದ ಹೊರಟ ಒಂದು ಕುಟುಂಬದಿಂದ ಆಳುದ್ದದ ಚೀಲ ಸಿಕ್ಕಿತು. ಅದನ್ನು ಅಂಗಡಿಗೆ ಎಳೆದು ತಂದು, ಜಿಪ್ಪು ಎಳೆದಳು. ಒಳಗಿನಿಂದ ಬಂದ ವಾಸನೆಗೆ ಪಕ್ಕದ ಮಾಂಸದ ಅಂಗಡಿಯ ಹಮೀದಾಕ ಬಂದು ಇಣುಕಿದರು. ಉಳ್ಳಾಲದ ಬ್ಯಾರಿ, ನಾನು ಬಂದ ದಿನದಿಂದ ನನ್ನ ನೆರೆಯವರು.

“ಎಂತ ಮಾಸ್ಟ್ರೇ, ಒಣಮೀನು ಹೊಲೀಲಿಕ್ಕೆ ತಕೊಂಡಿದ್ದೀರಾ?”

“ಬೆವರು ಹಮೀದಾಕ, ವಿಲಾಯತಿ ಬೆವರು,” ಎಂದಳು ವನಿತಾ.

ನನಗೆ ಮಾತ್ರ ಅಂದು ಹಬ್ಬ. ಅಳತೆ ನೋಡುವುದು ನನ್ನ ಕಸುಬಲ್ಲವೇ? ಮೊಣಕಾಲಿನಿಂದ ಕಣಕಾಲಿನವರೆಗೆ ಬರುವ ಪ್ಲಾಸ್ಟಿಕ್ ಕವಚ ಅವಳಿಗೆ ಎರಡು ಬೆರಳು ಉದ್ದವಾಗುತ್ತಿತ್ತು, ಕಾಲು ಮಡಚಿದರೆ ತೊಡೆಗೆ ಒತ್ತುತ್ತಿತ್ತು. ಅದರ ಪಟ್ಟಿಗಳನ್ನು ಮೇಲಕ್ಕೆ ಏರಿಸಿ ಹೊಲಿದೆ. ಭುಜದ ಕವಚವನ್ನು ಬಗಲಲ್ಲಿ ಒಳಗೆ ತೆಗೆದುಕೊಂಡೆ. ಹತ್ತಿ ತುಂಬಿದ ದೊಗಲೆ ಚಡ್ಡಿಯ ಸೊಂಟ ಬಿಗಿ ಮಾಡಿದೆ. ಕೈಗವಸಿನ ಅಂಗೈ ಸವೆದು ತೂತಾಗಿತ್ತು, ಹಳೆ ಲೆದರ್ ಜಾಕೀಟಿನ ತುಂಡು ಹಾಕಿ ಒಳಗಿನಿಂದ ಹೊಲಿದೆ. ಇವೆಲ್ಲ ಸರಿಯಾಗಿಯೇ ಆದವು, ಇಂದಿಗೂ ಇವೆ. ನನ್ನ ಪರವಾಗಿ ಹೇಳಲಿಕ್ಕೆ ಇರುವುದು ಇಷ್ಟೇ ಆದ್ದರಿಂದ ಹೇಳುತ್ತಿದ್ದೇನೆ.

ನಾನು ಮೊದಲ ಸಲ ತಪ್ಪಿದ್ದು ಸ್ಕೇಟಿನ, ಅಂದರೆ ಬ್ಲೇಡು ಕೂರಿಸಿದ, ಬೂಟಿನ ವಿಷಯದಲ್ಲಿ. ಚೀಲದಲ್ಲಿದ್ದವು ಆಗದೆ, ಬೇರೆಯವರಿಂದ ಎರಡು ಜೊತೆ ತಂದಿದ್ದಳು. ಒಂದು ಕಾಲಿಗೆ ಕಚ್ಚಿದಂತೆ ಬಿಗಿ, ಇನ್ನೊಂದರಲ್ಲಿ ಹೆಬ್ಬೆರಳ ಮುಂದೆ ಒಂದು ಇಂಚು ಜಾಗ. “ದೊಡ್ಡದು ತಕೋ” ಎಂದೆ. ನಮ್ಮ ಮನೆಯಲ್ಲಿ ಚಪ್ಪಲಿಯಿಂದ ಹಿಡಿದು ಯೂನಿಫಾರ್ಮಿನವರೆಗೆ ಯಾವುದನ್ನೂ ಅಳತೆಗೆ ಸರಿಯಾಗಿ ಕೊಂಡದ್ದಿಲ್ಲ. ವನಿತಾಳ ಲಂಗಕ್ಕೆ ಮೂರು ಮಡಿಕೆ ಹಾಕಿ ಕೊಡುತ್ತಿದ್ದವನು ನಾನೇ. ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಿದ್ದೆವು. “ಸಾಕ್ಸ್ ಎರಡು ಹಾಕು, ಮುಂದೆ ಹತ್ತಿ ಇಡು” ಎಂದೆ. ಮೂವತ್ತಾರರ ಹೆಂಗಸಿನ ಕಾಲು ಇನ್ನು ಎಲ್ಲಿಗೆ ಬೆಳೆಯುತ್ತದೆ ಎಂದು ನಾನೂ ಯೋಚಿಸಲಿಲ್ಲ, ಅವಳೂ ಕೇಳಲಿಲ್ಲ.

ಎರಡೇ ವಾರದಲ್ಲಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಐಸ್ ಅಂಗಳದಲ್ಲಿ ಬ್ಲೇಡಿಗೆ ಸಾಣೆ ಹಿಡಿಯುವ ರಾಮೋನ್ ಎಂಬ ಫಿಲಿಪಿನೋ ಅವಳ ಬೂಟಿನೊಳಗೆ ಕೈ ಹಾಕಿ ಹತ್ತಿ ಎಳೆದು ತೆಗೆದು, ಅದನ್ನು ಎಲ್ಲರಿಗೂ ಎತ್ತಿ ತೋರಿಸಿದನಂತೆ. ಹಿಮ್ಮಡಿ ಒಂದಿಷ್ಟೂ ಏಳಬಾರದು, ಹೆಬ್ಬೆರಳು ತುದಿಯನ್ನು ಮುಟ್ಟಿಯೂ ಮುಟ್ಟದ ಹಾಗೆ ಇರಬೇಕು, ದಿನದ ಚಪ್ಪಲಿಗಿಂತ ಒಂದು ಅಳತೆ ಚಿಕ್ಕದೇ ಬೇಕು ಎಂದನಂತೆ. ವನಿತಾ ಬಂದು ನಕ್ಕು ನಕ್ಕು ಹೇಳಿದಳು. “ಅಣ್ಣ, ನಾನು ಇನ್ನೂ ಬೆಳೀತೇನೆ ಅಂತ ನೀನು ದೊಡ್ಡದು ತಕೋ ಅಂದದ್ದನ್ನು ಟೀಮಿಗೆಲ್ಲ ಹೇಳಿ ಆಯ್ತು.” ನಾನೂ ನಕ್ಕೆ. ಗೊತ್ತಿಲ್ಲದ ವಸ್ತುವಿನ ಮೇಲೆ ಗೊತ್ತಿರುವ ಬುದ್ಧಿ ಓಡಿಸಬಾರದು ಎಂದು ಅಂದೇ ಕಲಿಯಬೇಕಿತ್ತು. ಕಲಿತದ್ದು ಬೊಬ್ಬೆಗೆ ಯಾವ ಮುಲಾಮು ಒಳ್ಳೆಯದು ಎಂಬುದನ್ನು ಮಾತ್ರ.

ಆಮೇಲೆ ಅವಳ ಸಾಮಾನಿನ ಉಸ್ತುವಾರಿ ನನ್ನದೇ ಆಯಿತು. ಅವಳ ಫ್ಲ್ಯಾಟಿನಲ್ಲಿ ಆ ಚೀಲಕ್ಕೆ ಜಾಗವಿರಲಿಲ್ಲ, ಶುಕ್ರವಾರ ಆಟ ಮುಗಿಸಿ ಅಂಗಡಿಯ ಹಿಂದಿನ ನನ್ನ ಕೋಣೆಗೆ ತಂದು ಹಾಕುತ್ತಿದ್ದಳು. ಕವಚಗಳನ್ನು ಬಿಸಿಲಿಗೆ ಹಾಕಿದರೆ ಇಲ್ಲಿನ ಬಿಸಿಲಿಗೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಆದ್ದರಿಂದ ನೆರಳಲ್ಲಿ ಹಗ್ಗ ಕಟ್ಟಿ ಫ್ಯಾನಿನಡಿ ಒಣಗಿಸುತ್ತಿದ್ದೆ. ಬ್ಲೇಡಿನಲ್ಲಿ ಒಂದು ಹನಿ ನೀರು ಉಳಿದರೂ ಈ ಕಡಲ ಗಾಳಿಗೆ ಬೆಳಗಾಗುವಾಗ ತುಕ್ಕು. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಒಣ ಚೀಲದಲ್ಲಿ ಸುತ್ತಿಡುತ್ತಿದ್ದೆ. ಹೆಲ್ಮೆಟ್ಟಿನ ಮುಖದ ಜಾಲರಿಯ ಸ್ಕ್ರೂಗಳನ್ನು ಪ್ರತಿ ವಾರ ಬಿಗಿ ಮಾಡುತ್ತಿದ್ದೆ. ಬರುಬರುತ್ತ ಆ ವಾಸನೆಯೂ ನನಗೆ ಅಭ್ಯಾಸವಾಯಿತು.

ಚೀಲದಲ್ಲಿ ಎಲ್ಲಕ್ಕಿಂತ ಸಣ್ಣದು ಕುತ್ತಿಗೆ ಪಟ್ಟಿ. ನಾಲ್ಕು ಬೆರಳು ಅಗಲ, ಹಿಂದೆ ವೆಲ್ಕ್ರೋ. ಅದಿಲ್ಲದವರನ್ನು ಐಸಿಗೆ ಇಳಿಸುವುದಿಲ್ಲ ಎಂಬುದು ಅಲ್ಲಿನ ಕಟ್ಟುನಿಟ್ಟು. ಒಂದು ದಿನ ವನಿತಾ ಅದನ್ನು ನನ್ನ ಮೇಜಿನ ಮೇಲೆ ಎಸೆದಳು.

“ಇದೊಂದು ಸಾವು ಮಾರಾಯ. ಕುತ್ತಿಗೆ ಎಲ್ಲ ಕೆಂಪು. ತಲೆ ತಿರುಗಿಸಲಿಕ್ಕೇ ಆಗುದಿಲ್ಲ. ಎಂತಾದ್ರೂ ಮಾಡು.”

ಬೆರಳಲ್ಲಿ ಒತ್ತಿ ನೋಡಿದೆ. ಒಳಗೆ ಗಡಸು ಪದರ. ನೀವು ಅಂಗಿಯ ಕಾಲರು ಮುಟ್ಟಿ ನೋಡಿ, ಒಳಗೆ ಗಟ್ಟಿಯಾಗಿ ಸಿಗುತ್ತದಲ್ಲ, ಅದಕ್ಕೆ ನಾವು ಬಕ್ರಮ್ ಎನ್ನುತ್ತೇವೆ. ಕಾಲರು ಸೆಟೆದು ನಿಲ್ಲಲಿ ಎಂದು ಇಡುವುದು, ಅಂದಕ್ಕೆ. ಕುತ್ತಿಗೆ ಉಜ್ಜುತ್ತದೆ ಎಂದು ಬಂದ ಗಿರಾಕಿಗಳಿಗೆ ಬಕ್ರಮ್ ತೆಗೆದು ಕೊಟ್ಟದ್ದು ಎಷ್ಟು ಸಲವೋ. ಮೂವತ್ತು ವರ್ಷ ಕಾಲರು ಹೊಲಿದ ಕೈಗೆ ಯೋಚನೆ ಬೇಕಾಗಲಿಲ್ಲ. ಹೊಲಿಗೆ ಬಿಚ್ಚಿ, ಒಳಗಿದ್ದ ಹಳದಿ ಪದರವನ್ನು ಎಳೆದು ತೆಗೆದೆ. ಆ ಜಾಗಕ್ಕೆ ತೊಳೆದು ತೊಳೆದು ಮೆತ್ತಗಾದ ಹತ್ತಿ ಬಟ್ಟೆ ಎರಡು ಮಡಿಕೆ ಇಟ್ಟು, ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ ಹೊಲಿದೆ. ಬಿಚ್ಚಿದ್ದು ಯಾರಿಗೂ ತಿಳಿಯದಷ್ಟು ನಾಜೂಕು. ಒಳಗಡೆ ಇಂಗ್ಲಿಷಿನಲ್ಲಿ ಏನೇನೋ ಬರೆದ ಒಂದು ಚೀಟಿ ಇತ್ತು. ಚೀಟಿ ಕುತ್ತಿಗೆಗೆ ಚುಚ್ಚುತ್ತದೆ ಎಂದು ಅದನ್ನೂ ಕತ್ತರಿಸಿ ಎಸೆದೆ. ಅಕ್ಷರ ಕೂಡಿಸಿ ಓದಲು ನನಗೆ ಬರುತ್ತದೆ. ಓದಲಿಲ್ಲ.

ಮುಂದಿನ ಶುಕ್ರವಾರ ವನಿತಾ ಫೋನು ಮಾಡಿ, “ಅಣ್ಣ, ಹಾಕಿದ್ದೇ ಗೊತ್ತಾಗುದಿಲ್ಲ!” ಎಂದಳು. ಅವರ ತಂಡದ ನಾಯಕ ಗ್ರೆಗ್ ಎಂಬ ಕೆನಡಾದ ಎಂಜಿನಿಯರ್. ಆರಡಿ ಮೇಲೆ ನಾಲ್ಕು ಬೆರಳಿನ ಆಳು ನನ್ನ ಅಂಗಡಿಗೆ ಬಾಗಿ ಒಳಬಂದು, “ಮಾಸ್ಟರ್!” ಎಂದು ಕೈ ಕುಲುಕಿ ತನ್ನ ಪಟ್ಟಿಯನ್ನೂ ಇನ್ನು ಮೂವರದ್ದನ್ನೂ ಮೇಜಿನ ಮೇಲಿಟ್ಟ. ವನಿತಾಳದ್ದಕ್ಕೆ ಮಾಡಿದ ಹಾಗೆಯೇ ಬೇಕು ಎಂದ. ಒಳಗೆ ಏನಿತ್ತು, ಏನು ತೆಗೆದೆ ಎಂದು ಅವನು ಕೇಳಲಿಲ್ಲ. ಬರೀ ಒಳಗೆ ಬಟ್ಟೆ ಹೊದಿಸಿದ್ದೇನೆ ಎಂದು ಅವರೆಲ್ಲ ತಿಳಿದಿದ್ದರು. ನಾಲ್ಕನ್ನೂ ಮಾಡಿಕೊಟ್ಟೆ. ಮುಂದಿನ ವಾರ ಅಂಗಳದಲ್ಲಿ ಅವರೆಲ್ಲ ನನ್ನ ಕಡೆ ಕೋಲು ಎತ್ತಿ “ಮಾಸ್ಟರ್” ಎಂದು ಕೂಗಿದರು. ಇಂಗ್ಲಿಷ್ ಮಾತಾಡುವ ಜನ ನನ್ನನ್ನು ಎಬ್ಬಿಸಿ ನಿಲ್ಲಿಸಿ ಅವಮಾನ ಮಾಡದೆ ಕೈ ಎತ್ತಿದ್ದು ಅದೇ ಮೊದಲು. ಬೆಂಚಿನಲ್ಲಿ ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ.

ತೆಗೆದ ಹಳದಿ ತುಂಡುಗಳಲ್ಲಿ ಆ ನಾಲ್ವರದ್ದು ಚಿಂದಿ ಚೀಲದ ಜೊತೆ ಕಸಕ್ಕೆ ಹೋದವು. ವನಿತಾಳದ್ದು ಮೇಜಿನ ಖಾನೆಯಲ್ಲಿ ಉಳಿದಿತ್ತು. ಒಂದು ಮಂಗಳವಾರ ಬ್ಯಾಗಿನ ಹಿಡಿಕೆಗೆ ಗಟ್ಟಿ ಬಟ್ಟೆ ಬೇಕಾಗಿ ಅದನ್ನು ತೆಗೆದು ಕತ್ತರಿ ಇಟ್ಟೆ. ಕತ್ತರಿ ಜಾರಿತು. ಮತ್ತೆ ಒತ್ತಿದೆ. ನೂಲು ಅಗಿದಂತಾಯಿತು, ತುಂಡಾಗಲಿಲ್ಲ. ಸಿಟ್ಟು ಬಂದು ಎರಡೂ ಕೈಯಲ್ಲಿ ಅದುಮಿದೆ. ಟಕ್ ಎಂದಿತು. ತುಂಡಾದದ್ದು ಬಟ್ಟೆಯಲ್ಲ, ಕತ್ತರಿಯ ಅಂಚು.

ಇಂಥ ಬಟ್ಟೆ ನಾನು ಕಂಡಿರಲಿಲ್ಲ. ಆಶ್ಚರ್ಯದಿಂದ ಹಮೀದಾಕನ ಹತ್ತಿರ ಒಯ್ದೆ. ಅವರು ಎಡಗೈಯಲ್ಲಿ ತೊಡೆ ಮಾಂಸ ಹಿಡಿದು ಬಲಗೈಯಲ್ಲಿ ಕತ್ತಿ ಆಡಿಸುತ್ತಿದ್ದರು. ತುಂಡನ್ನು ಕಂಡು ಎಡಗೈ ಎತ್ತಿದರು. ಆ ಕೈಯಲ್ಲಿ ಹಳದಿ ಗ್ಲೌಸು.

“ಇದು ನನ್ನ ಗ್ಲೌಸಿನ ಬಟ್ಟೆಯಲ್ವಾ ಮಾಸ್ಟ್ರೇ? ಎಲ್ಲಿ ಸಿಕ್ಕಿತು?”

“ಎಂತ ಬಟ್ಟೆ ಇದು?”

“ಕತ್ತಿ ತಾಗಿದರೂ ಒಳಗೆ ಹೋಗುದಿಲ್ಲ. ಇದು ಇಲ್ಲದಿದ್ದರೆ ನನ್ನ ಬೆರಳು ಎಂದೋ ಕೀಮಾ ಆಗ್ತಿತ್ತು.” ಅವರು ಕತ್ತಿಯ ಅಂಚನ್ನು ಗ್ಲೌಸಿನ ಮೇಲೆ ಎಳೆದು ತೋರಿಸಿ ನಕ್ಕರು. “ಯಾಕೆ, ಮುಖ ಹೀಗೆ ಯಾಕೆ ಆಯ್ತು? ಕೂತುಕೊಳ್ಳಿ ಮಾರ್ರೇ, ನೀರು ಕುಡೀರಿ.”

ಕುಳಿತೆ. ಎದುರಿಗೆ ಕೊಕ್ಕೆಯಲ್ಲಿ ಆಡುಗಳು ತೂಗುತ್ತಿದ್ದವು. ಎಲ್ಲವೂ ಕುತ್ತಿಗೆಯಲ್ಲೇ ಕೊಯ್ದವು.

ಆ ಸಂಜೆಯೇ ಫೋನು ಮಾಡಬೇಕಿತ್ತು. ಎರಡು ಮಾತು ಸಾಕಿತ್ತು. ಫೋನು ಕೈಗೆತ್ತಿಕೊಂಡು, ಕಚೇರಿಯಲ್ಲಿರುತ್ತಾಳೆ, ಶುಕ್ರವಾರ ಹೇಗೂ ಸಿಗುತ್ತಾಳೆ ಎಂದು ಇಟ್ಟೆ. ಶುಕ್ರವಾರ ಬಂತು. ಕಾರಿನಲ್ಲಿ ಅವಳ ಪಕ್ಕ ಕುಳಿತು ಬಾಯಿ ತೆರೆದಾಗಲೆಲ್ಲ ಬೇರೆ ಮಾತು ಬಂತು. ಅಲ್ಲಿ ತಲುಪಿದ ಮೇಲೆ ರಾಮೋನ್ ನನ್ನನ್ನು ಕರೆದು ತನ್ನ ಕಸುಬು ತೋರಿಸಿದ. ಒಂದೊಂದು ಬ್ಲೇಡಿಗೂ ಎರಡು ಅಂಚು. ಸಾಣೆ ಸರಿಯಾಯಿತೇ ಎಂದು ನೋಡಲು ಹೆಬ್ಬೆರಳ ಉಗುರನ್ನು ಅಂಚಿನ ಮೇಲೆ ಮೆಲ್ಲಗೆ ಎಳೆದ. ಉಗುರಿನ ಬಿಳಿ ಸಿಪ್ಪೆ ಎದ್ದು ಬಂತು. “ಗುಡ್, ಮಾಸ್ಟರ್?” ಎಂದು ನಕ್ಕ. ಮಾಸ್ಟರ್ ಎಂಬ ಆ ಒಂದು ಮಾತಿಗಾಗಿ ನಾನು ಅಂದು ಬಾಯಿ ಬಿಡಲಿಲ್ಲ. ಎಷ್ಟೋ ಕಾಲದಿಂದ ಆಡುತ್ತಿದ್ದಾರೆ, ಯಾರಿಗೆ ಏನಾಗಿದೆ, ಮುಖಕ್ಕೆ ಜಾಲರಿ ಇದೆಯಲ್ಲ, ಜಾಲರಿ ಗಲ್ಲದವರೆಗೆ ಬರುತ್ತದಲ್ಲ ಎಂದು ಲೆಕ್ಕ ಹಾಕುತ್ತ ಕುಳಿತೆ. ಜಾಲರಿ ಗಲ್ಲಕ್ಕೆ ಮುಗಿಯುತ್ತದೆ. ಅದರ ಕೆಳಗೆ ನನ್ನ ಹತ್ತಿ ಬಟ್ಟೆ.

ಎರಡನೇ ಶುಕ್ರವಾರ ಅವಳು ಬಿದ್ದಳು. ಗೋಲಿನ ಹತ್ತಿರ ಮೂವರು ಒಟ್ಟಿಗೆ ಸಿಕ್ಕಿಕೊಂಡು ಜಾರಿ ಗೋಡೆಗೆ ಹೊಡೆದರು. ವನಿತಾ ಅಡಿಯಲ್ಲಿದ್ದಳು, ಬೆನ್ನ ಮೇಲೆ, ತಲೆ ಹಿಂದಕ್ಕೆ ಬಾಗಿ. ಮೇಲಿದ್ದವನ ಕಾಲು ಗಾಳಿಯಲ್ಲಿ ಎದ್ದಿತು. ಬ್ಲೇಡು ದೀಪಕ್ಕೆ ಒಮ್ಮೆ ಮಿಂಚಿ ಕೆಳಗೆ ಬಂತು. ನಾನು ಕಣ್ಣು ಮುಚ್ಚಿದೆ. ಅಣ್ಣನಾದವನು ಓಡಬೇಕಿತ್ತು, ಕೂಗಬೇಕಿತ್ತು. ಕಣ್ಣು ಮುಚ್ಚಿ ಕಿವಿಗೂ ಕೈ ಇಟ್ಟುಕೊಂಡೆ. ತೆರೆದಾಗ ಅವಳು ಎದ್ದು ನಿಂತು ಬೆನ್ನಿನ ಐಸು ಕೊಡವಿಕೊಂಡು ನಗುತ್ತಿದ್ದಳು. ಬೆಳ್ಳಗಿದ್ದ ಐಸಿನಲ್ಲಿ ಕೆಂಪು ಎಲ್ಲಾದರೂ ಇದೆಯೇ ಎಂದು ಆಟ ಮುಗಿಯುವವರೆಗೂ ಹುಡುಕಿದೆ. ಅಂದಾದರೂ ಹೇಳಬೇಕಿತ್ತು. ಹಿಂದಿರುಗುವಾಗ ದಾರಿಯಲ್ಲಿ ಕಾರು ನಿಲ್ಲಿಸಲು ಹೇಳಿ ಅವಳಿಗೆ ದೊಡ್ಡ ಲೋಟದಲ್ಲಿ ಮಾವಿನ ಜ್ಯೂಸು ಕುಡಿಸಿದೆ.

ಹೇಳದೆಯೇ ಸರಿಪಡಿಸಬಹುದೇ ಎಂದು ಆ ವಾರವೆಲ್ಲ ನೋಡಿದೆ. ಉಳಿದ ಹಳದಿ ತುಂಡು ನನ್ನ ಕತ್ತರಿಯ ಬಾಯಿಗೆ ಸಿಕ್ಕಿ ನಾರುನಾರಾಗಿತ್ತು. ಹಮೀದಾಕನ ಗ್ಲೌಸು ಬಿಚ್ಚಿದರೆ ಸಿಗುವುದು ಅಂಗೈಯಗಲದ ಬಟ್ಟೆ, ಕುತ್ತಿಗೆ ಸುತ್ತಲು ಸಾಲದು. ಕೊನೆಗೆ ದಪ್ಪ ಜೀನ್ಸು ನಾಲ್ಕು ಪದರ ಸೇರಿಸಿ ಹೊಸ ಪಟ್ಟಿ ಹೊಲಿದು, ಮೂರನೇ ಶುಕ್ರವಾರ ಕೊಟ್ಟೆ.

ಅವಳು ಎತ್ತಿ ಹಿಡಿದು ನೋಡಿದಳು. “ಎಂತ ಇದು, ನಾಯಿಯ ಬೆಲ್ಟಾ?”

“ಹಾಕಿ ನೋಡು. ಇದು ಗಟ್ಟಿ ಉಂಟು.”

“ಹಳೇದು ಚಂದ ಉಂಟಲ್ಲ ಅಣ್ಣ. ನೀನೇ ಮಾಡಿದ್ದು.”

ಜೀನ್ಸಿನ ಪಟ್ಟಿಯನ್ನು ಬೆಂಚಿನ ಮೇಲಿಟ್ಟು, “ನಿನಗೆ ಎಂತ ಆಗಿದೆ? ಊಟ ಮಾಡ್ತೀಯಾ ಇಲ್ವಾ?” ಎಂದು ಕೇಳಿದಳು. ಅದೇ ಹತ್ತಿ ಪಟ್ಟಿ ಸುತ್ತಿಕೊಂಡು ಐಸಿಗೆ ಇಳಿದಳು.

ನಾಲ್ಕನೇ ಶುಕ್ರವಾರ ಬೆಳಗ್ಗೆ ಕಾರಿನಲ್ಲಿ ಹೇಳುವುದೆಂದು ನಿಶ್ಚಯಿಸಿದ್ದೆ. ಹೇಳಿದ್ದು, “ನಿಧಾನ ಹೋಗು” ಎಂದಷ್ಟೇ. ಅವಳು ಬೂಟು ಕಟ್ಟುವಾಗ ಹೇಳುತ್ತೇನೆ ಎಂದುಕೊಂಡೆ. ಲೇಸು ಎಳೆದು ಕೊಟ್ಟೆ, ಅಷ್ಟೇ. ಅವಳು ಒಳಗೆ ಹೋದಳು. ಬಾಗಿಲು ಮುಚ್ಚಿತು. ರಬ್ಬರ್ ಬಿಲ್ಲೆ ಐಸಿಗೆ ಬಿದ್ದ ಸದ್ದು ಕೇಳಿತು. ಎರಡು ನಿಮಿಷವೂ ಆಗಿರಲಿಲ್ಲ, ಅವಳೂ ಗ್ರೆಗ್ ಕೂಡ ಒಂದೇ ಬಿಲ್ಲೆಗೆ ಎರಡು ಕಡೆಯಿಂದ ನುಗ್ಗುವುದು ಕಾಣಿಸಿತು. ಅವರು ಮುಟ್ಟುವ ಮೊದಲೇ ನಾನು ಎದ್ದಿದ್ದೆ.

ಬಾಗಿಲು ತೆಗೆದದ್ದು ನೆನಪಿಲ್ಲ. ಹವಾಯಿ ಚಪ್ಪಲಿಯಲ್ಲೇ ಐಸಿನ ಮೇಲೆ ಕಾಲಿಟ್ಟಿದ್ದೆ. “ರುಕೋ! ರುಕೋ! ಖಲಾಸ್!” ಎಂದು ಗೊತ್ತಿದ್ದ ಭಾಷೆಯಲ್ಲೆಲ್ಲ ಕೂಗಿದೆ. ನಾಲ್ಕು ಹೆಜ್ಜೆ ಹೋಗಿರಬೇಕು. ಒಂದು ಚಪ್ಪಲಿ ಮುಂದೆ ಹೋಯಿತು, ನಾನು ಹಿಂದೆ ಬಿದ್ದೆ. ಸೀಟಿ ಊದಿದರು. ಸುತ್ತಲೂ ಬ್ಲೇಡುಗಳು ಕಿರ್ ಎಂದು ಐಸು ಕೆರೆದು ನಿಂತವು. ಎಲ್ಲ ನನ್ನ ಮುಖದ ಮಟ್ಟದಲ್ಲಿ. ಅಲ್ಲಿಂದ ನೋಡಿದಾಗ ಅವು ಎಷ್ಟು ತೆಳ್ಳಗಿವೆ ಎಂದು ತಿಳಿಯಿತು.

“ಅಣ್ಣಾ! ಎಂತ ಆಯ್ತು? ಎದೆ ನೋವಾ?” ವನಿತಾ ಮೊಣಕಾಲೂರಿ ನನ್ನ ತಲೆ ಹಿಡಿದಳು.

“ನಿನ್ನ ಪಟ್ಟಿಯಲ್ಲಿ ಏನೂ ಇಲ್ಲ ವನಿ.”

“ಯಾವ ಪಟ್ಟಿ?”

“ಕುತ್ತಿಗೆದು. ಕತ್ತಿ ತಾಗದ ಬಟ್ಟೆ ಇತ್ತು ಒಳಗೆ. ನಾನು ತೆಗೆದೆ. ಬಕ್ರಮ್ ಅಂತ ತೆಗೆದೆ. ಬರೀ ಹತ್ತಿ ಉಂಟು ಅದರಲ್ಲಿ. ಅವರ ನಾಲ್ಕು ಜನರದ್ದರಲ್ಲೂ ಅಷ್ಟೇ.”

ಅವಳ ಕೈ ನನ್ನ ತಲೆಯಿಂದ ಜಾರಿತು. ಕೈಗವಸು ಕಳಚಿ, ತನ್ನ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದಳು. ಆಮೇಲೆ ಎದ್ದು ನಿಂತು ಉಳಿದವರಿಗೆ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದಳು. ನನ್ನ ತಪ್ಪು ಇಂಗ್ಲಿಷಿನಲ್ಲಿ ಅಷ್ಟು ಚಿಕ್ಕದಾಗಿ ಕೇಳಿಸುತ್ತದೆ ಎಂದು ಗೊತ್ತಿರಲಿಲ್ಲ. ಆ ನಾಲ್ವರ ಕೈಗಳು ಒಟ್ಟಿಗೆ ತಮ್ಮ ತಮ್ಮ ಕುತ್ತಿಗೆಗೆ ಹೋದವು. ಗ್ರೆಗ್ ತನ್ನದನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡ. ಅದು ಕರವಸ್ತ್ರದಂತೆ ಮಡಚಿಕೊಂಡಿತು. ಅವನು ನನ್ನನ್ನು ನೋಡಿದ, ಮತ್ತೆ ಅದನ್ನು ನೋಡಿದ. ಮಾಸ್ಟರ್ ಎನ್ನಲಿಲ್ಲ. ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಬಾಗಿಲವರೆಗೆ ನಡೆಸಿದ. ಅಂದಿನ ಆಟ ಅಲ್ಲಿಗೆ ನಿಂತಿತು.

ಕಾರಿನಲ್ಲಿ ಅವಳು ಎಸಿ ಕೂಡ ಹಾಕಲಿಲ್ಲ. ವಾದಿ ಅದೈ ಬಡಾವಣೆ ದಾಟುವಾಗ ಕೇಳಿದಳು.

“ಯಾವಾಗ ಗೊತ್ತಾಯ್ತು?”

“ಮಂಗಳವಾರ.”

“ಈ ಮಂಗಳವಾರವಾ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಮೂರು ದಿನ ತಡ, ಅಷ್ಟೇ. ಅವಳು ಕ್ಷಮಿಸಿಯೂ ಬಿಡುತ್ತಿದ್ದಳು, ತನ್ನ ಗೆಳೆಯರಿಗೆಲ್ಲ ನನ್ನ ಪರವಾಗಿ ಹೇಳುತ್ತಿದ್ದಳು.

“ಅಲ್ಲ. ಅದಕ್ಕೂ ಮೂರು ವಾರ ಮೊದಲು.”

ಅವಳು ಕಾರನ್ನು ಬದಿಗೆ ತಂದು ನಿಲ್ಲಿಸಿದಳು. ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ಎದುರಿಗೇ ನೋಡುತ್ತಿದ್ದಳು.

“ನಾನು ಬಿದ್ದೆನಲ್ಲ, ಆ ದಿನ ನಿನಗೆ ಗೊತ್ತಿತ್ತು?”

“ಹೌದು.”

“ಬರುವಾಗ ನನಗೆ ಜ್ಯೂಸ್ ಕುಡಿಸಿದಿ.”

“ಹೌದು.”

“ಎಂತ ಜನ ಅಣ್ಣ ನೀನು.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಂತಿತ್ತು. ಅಂಗಡಿಯ ಮುಂದೆ ನನ್ನನ್ನು ಇಳಿಸಿದಳು. ಡಿಕ್ಕಿ ತೆರೆದು ಚೀಲ ಕೊಡಬಹುದೆಂದು ನಾನು ಕೈ ಚಾಚಿ ನಿಂತೆ. ಡಿಕ್ಕಿ ತೆರೆಯಲಿಲ್ಲ. ಕಾರು ಹೋಯಿತು.

ಆಮೇಲೆ ಅವಳ ಫೋನು ಬರಲಿಲ್ಲ. ಹಮೀದಾಕ ದಿನಕ್ಕೊಮ್ಮೆ ಇಣುಕಿ, “ತಂಗಿ ಬಂದಿಲ್ವಾ?” ಎಂದು ಕೇಳಿ ಹೋಗುತ್ತಿದ್ದರು. ನಾನು ಕತ್ತರಿ ಹಿಡಿದರೆ ಆ ಜಾಗದಲ್ಲಿ ತಡೆಯುತ್ತಿತ್ತು. ಅವಳು ಇನ್ನು ಆಡುವುದೇ ಬೇಡ ಎಂದು ಆಸೆಪಟ್ಟೆ. ಆಸೆಪಟ್ಟದ್ದಕ್ಕೆ ನಾಚಿಕೆಯೂ ಆಯಿತು. ಮೂರನೇ ವಾರ, ಗುರುವಾರ ಸಂಜೆ ಫೋನು ಬಂತು. “ಹೊಸ ಪಟ್ಟಿಗಳು ಬಂದಿವೆ, ಗ್ರೆಗ್‌ನ ಪರಿಚಯದವರು ತಂದರು. ನಾಳೆ ಏಳಕ್ಕೆ ಹೊರಗೆ ನಿಂತಿರು.” ಅಷ್ಟೇ ಹೇಳಿ ಇಟ್ಟಳು.

ಮರುದಿನ ಅವಳೇ ಕರೆದುಕೊಂಡು ಹೋದಳು. ನಾನು ಯಾವಾಗಲೂ ಕುಳಿತುಕೊಳ್ಳುವ ಬೆಂಚಿನಲ್ಲಿ ಕುಳಿತೆ. ಅವಳು ತನ್ನ ಬೂಟು ತಾನೇ ಕಟ್ಟಿಕೊಂಡಳು. ಎಲ್ಲರೂ ಇಳಿದ ಮೇಲೆ, ಆಟ ಶುರುವಾಗುವ ಮೊದಲು, ಜಾರುತ್ತ ನನ್ನೆದುರಿನ ಅಡ್ಡಗೋಡೆಗೆ ಬಂದು ನಿಂತಳು. ಹೆಲ್ಮೆಟ್ಟಿನ ಜಾಲರಿ ಮೇಲಕ್ಕೆತ್ತಿ, ಗಲ್ಲ ಎತ್ತಿದಳು.

“ಬೆರಳು ಹಾಕಿ ನೋಡು.”

ನಾನು ಎರಡೂ ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡೆ.

“ಎಂತ ನೋಡ್ತಿ? ಎಲ್ಲರೂ ಕಾಯ್ತಿದ್ದಾರೆ. ನೀನು ನೋಡದೆ ನಾನು ಹೋಗುದಿಲ್ಲ. ಇನ್ನು ಪ್ರತಿ ವಾರ ಹೀಗೆ.”

ಎದ್ದು ಹೋಗಿ, ಕಾಲರಿನ ಅಳತೆ ನೋಡುವ ಹಾಗೆ ತೋರುಬೆರಳನ್ನು ಪಟ್ಟಿಯ ಒಳಗೆ ತೂರಿಸಿದೆ. ಗಡಸು ಪದರ ಸಿಕ್ಕಿತು. ಎಡದಿಂದ ಬಲಕ್ಕೆ, ಎಲ್ಲಿಯೂ ಬಿಡದೆ ಸಿಕ್ಕಿತು. ಬೆರಳಿನ ಇನ್ನೊಂದು ಬದಿಗೆ ಅವಳ ಬಿಸಿ ಚರ್ಮ, ಅದರಡಿಯಲ್ಲಿ ನಾಡಿ ಜೋರಾಗಿ ಹೊಡೆಯುತ್ತಿತ್ತು. ಅವಳಿಗೂ ಹೆದರಿಕೆಯಿದೆ ಎಂದು ಆಗ ತಿಳಿಯಿತು.

“ಉಂಟಾ?” ಎಂದಳು.

“ಉಂಟು.”

ಬೆರಳು ತೆಗೆಯಬೇಕಿತ್ತು. ತೆಗೆಯಲು ಆಗಲಿಲ್ಲ. ಅವಳೇ ಗೋಡೆಯನ್ನು ಮೆಲ್ಲಗೆ ತಳ್ಳಿ, ಮುಖ ನನ್ನ ಕಡೆಗೇ ಇಟ್ಟುಕೊಂಡು, ಹಿಮ್ಮುಖವಾಗಿ ಜಾರುತ್ತ ಹೋದಳು.